ಮಿಷಿನ್ನಿನ ಸಾರು

"ಮುಚ್ಚಳ ಮಾತ್ರ ತೆಗೀಬೇಡಿ ಅಕ್ಕ," ಎಂದಳು ಭವ್ಯ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ. "ಒಂದ್ಸಲ ತೆಗೆದ್ರೂ ಕಾವೆಲ್ಲ ಹೋಗ್ಬಿಡತ್ತೆ."

ತೆಂಗಿನಕಾಯಿ ತುರಿಯುತ್ತಿದ್ದ ಧನಲಕ್ಷ್ಮಿ ತಲೆಯೆತ್ತಲಿಲ್ಲ. ಈ ಮನೆಗೆ ಹಿರಿ ಸೊಸೆಯಾಗಿ ಬಂದ ಮೇಲೆ ಯಾವ ಪಾತ್ರೆಯ ಮುಚ್ಚಳವನ್ನು ಯಾವಾಗ ತೆಗೆಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳುವ ಧೈರ್ಯ ಇದ್ದದ್ದು ಅತ್ತೆ ಆಂಜನಮ್ಮನೊಬ್ಬಳಿಗೆ. ಅವಳೂ ಸಾರು ಉಂಡು ಸುಮ್ಮನಾಗಿದ್ದಳು. ಈಗ ಮೈದುನನ ಹೆಂಡತಿ, ಮದುವೆಯಾಗಿ ಬಂದಾಗ ಬೇಳೆಗೂ ಕಾಳಿಗೂ ವ್ಯತ್ಯಾಸ ತಿಳಿಯದಿದ್ದವಳು, ಅಡುಗೆಕಟ್ಟೆಯ ಮೇಲೆ ಕೂತ ಕರೆಂಟಿನ ಮಡಕೆಯೊಂದರ ಪರವಾಗಿ ಅವಳಿಗೆ ಅಪ್ಪಣೆ ಕೊಡುತ್ತಿದ್ದಳು.

ಮಹಾಲಯ ಅಮಾವಾಸ್ಯೆ. ಕಗ್ಗದಾಸಪುರದ ಹಳೇ ಮನೆಗಳಲ್ಲೆಲ್ಲ ಅಂದು ಹಿರಿಯರಿಗೆ ಎಡೆ. ಸರ್ಕಾರಿ ಕಚೇರಿಗಳಿಗೆ ರಜೆ. ಭವ್ಯ ಕೆಲಸ ಮಾಡುವ ಇಂದಿರಾನಗರದ ಟ್ರಾವೆಲ್ ಆಫೀಸಿಗೆ ಮಾತ್ರ ಹಿರಿಯರು ಯಾರೂ ಇದ್ದಂತಿರಲಿಲ್ಲ. ಆ ಮಡಕೆ ಬಂದದ್ದೂ ಅಲ್ಲಿಂದಲೇ. ಅವಳ ಬಾಸು ಸಿಂಗಪುರಕ್ಕೆ ಸಂಸಾರ ಕಿತ್ತುಕೊಂಡು ಹೋಗುವಾಗ ಮನೆಯ ಸಾಮಾನನ್ನೆಲ್ಲ ಆಫೀಸಿನವರಿಗೆ ಹಂಚಿದ್ದರು. ಒಬ್ಬಳಿಗೆ ಇಸ್ತ್ರಿಪೆಟ್ಟಿಗೆ, ಒಬ್ಬನಿಗೆ ಟೇಬಲ್ ಫ್ಯಾನು, ಭವ್ಯಳಿಗೆ ಈ ಸ್ಲೋ ಕುಕ್ಕರು. ಒಳಗೆ ಪಿಂಗಾಣಿಯ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಹೊಟ್ಟೆಯ ಮೇಲೆ ಒಂದು ತಿರುಗಣಿ. ಬೆಳಿಗ್ಗೆ ಎಲ್ಲ ಕತ್ತರಿಸಿ ಹಾಕಿ ಬಸ್ಸು ಹತ್ತಿದರೆ ಸಂಜೆ ಬರುವಷ್ಟರಲ್ಲಿ ಅಡುಗೆ. ಕೆದಕುವ ಹಾಗಿಲ್ಲ, ಅಡಿ ಹಿಡಿಯುವ ಭಯವಿಲ್ಲ, ಹತ್ತಿರ ನಿಲ್ಲುವವರೂ ಬೇಕಿಲ್ಲ. ಧನಲಕ್ಷ್ಮಿಗೆ ಚುಚ್ಚಿದ್ದು ಈ ಕೊನೆಯ ಗುಣ.

ಮೊದಲ ವಾರ ಅವಳು ನಗುತ್ತಲೇ ಇದ್ದಳು. ಆಮೇಲೆ ಭವ್ಯ ಹುರುಳಿಕಾಳು ಇಟ್ಟಳು, ಕಾಳು ಒಡೆಯದೆ ಬೆಣ್ಣೆಯಂತೆ ಬೆಂದಿತು. ಕೋಳಿ ಇಟ್ಟಳು, ಮೂಳೆಯಿಂದ ಮಾಂಸ ತಾನೇ ಕಳಚಿಕೊಂಡಿತು. ಹಲ್ಲು ಉದುರಿಹೋಗಿ ಎರಡು ವರ್ಷದಿಂದ ಬರೀ ರಸಕ್ಕೆ ಮುದ್ದೆ ಅದ್ದಿ ನುಂಗುತ್ತಿದ್ದ ಆಂಜನಮ್ಮ ಅಂದು ಕೋಳಿಯ ತೊಡೆಯನ್ನು ಪೂರ್ತಿ ತಿಂದು, ಬೆರಳು ಚೀಪಿ, ಕಿರಿ ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಧನಲಕ್ಷ್ಮಿಯ ಗಂಡ ಕೆಂಪರಾಜನಂತೂ, ಮೆಚ್ಚಿದರೆ ಎಲ್ಲಿ ತೂಕ ಇಳಿಯುತ್ತದೋ ಎಂಬಂತೆ ಉಣ್ಣುವ ಮನುಷ್ಯ, ತಟ್ಟೆಯಿಂದ ತಲೆಯೆತ್ತಿ "ಇನ್ನೊಂಚೂರು ಹಾಕು" ಎಂದ. ಹೇಳಿದ್ದು ಹೆಂಡತಿಗೆ, ಕೇಳಿದ್ದು ಭವ್ಯಳ ಸಾರನ್ನು.

ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ಧನಲಕ್ಷ್ಮಿ ಮತ್ತು ಆ ಮಡಕೆ. ಅದು ಮೂಲೆಯಲ್ಲಿ ಕೂತು ಗುಳು ಗುಳು ಎನ್ನುತ್ತಿತ್ತು. ಸವತಿಯಾದರೆ ಜಗಳಕ್ಕಾದರೂ ಸಿಗುತ್ತಾಳೆ, ಇದು ಯಾವುದಕ್ಕೂ ಸಿಗುತ್ತಿರಲಿಲ್ಲ. ಅವಳು ಅದರ ಕಡೆ ಬೆನ್ನು ಹಾಕಿ ಅಕ್ಕಿ ಆರಿಸುವಳು. ಸ್ವಲ್ಪ ಹೊತ್ತಿಗೆ ಹಿಂತಿರುಗಿ ನೋಡುವಳು. ಗಾಜಿನೊಳಗೆ ಆವಿ ಹನಿಗಟ್ಟಿ ಏನೂ ಕಾಣಿಸುತ್ತಿರಲಿಲ್ಲ.

ಅಷ್ಟಾದರೂ ಅವಳಿಗೊಂದು ಸಮಾಧಾನವಿತ್ತು: ಪಿತೃಪಕ್ಷದ ಎಡೆಗೆ ಬಡಿಸುವ ಬಾಡಿನ ಸಾರು ಹಿರಿ ಸೊಸೆಯದು. ಅದು ಬರೀ ಅಡುಗೆಯಲ್ಲ, ಮನೆಯಲ್ಲಿ ಅವಳ ಜಾಗ. ಮಾವ ಮುನಿಆಂಜನಪ್ಪ ತೀರಿಕೊಂಡ ಮೇಲೆ ಪ್ರತಿ ವರ್ಷ ಅವನಿಗಿಷ್ಟವಾದ, ಒಳಗೆ ಕೊಬ್ಬು ತುಂಬಿದ ನಳ್ಳಿ ಮೂಳೆಯ ಸಾರನ್ನು ಅವಳೇ ಮಾಡಿ ಎಲೆಗೆ ಬಡಿಸಿದ್ದಳು. ಈ ಸಲ ಹಬ್ಬಕ್ಕೆ ಮೂರು ದಿನವಿರುವಾಗ ಆಂಜನಮ್ಮ ಎಲೆ ಅಡಿಕೆ ಕುಟ್ಟುತ್ತ, ಯಾರನ್ನೂ ನೋಡದೆ, ಎಡೆ ಸಾರನ್ನು ಮಿಷಿನ್ನಿನಲ್ಲೇ ಇಡಲಿ ಎಂದುಬಿಟ್ಟಳು. "ಕೊನೆಗಾಲ್ದಾಗೆ ಅವ್ರಿಗೂ ಹಲ್ಲಿರ್ಲಿಲ್ಲ ಕಣಮ್ಮ. ಮೆತ್ತಗಿದ್ರೆ ಉಂಡಾರು."

ಧನಲಕ್ಷ್ಮಿ "ಆಗ್ಲಿ ಅತ್ತೆ" ಎಂದಳು. ಅವತ್ತಿನ ಚಟ್ನಿಗೆ ಬಿದ್ದ ಮೆಣಸಿನಕಾಯಿಯಿಂದ ಮನೆಯವರೆಲ್ಲ ನೀರು ಕುಡಿದರು.

ಹೀಗಾಗಿ ಆ ಬೆಳಿಗ್ಗೆ ಕೆಂಪರಾಜ ಶಿವಾಜಿನಗರಕ್ಕೆ ಹೋಗಿ, ನಳ್ಳಿಯನ್ನು ಸರಿಯಾಗಿ ಕಡಿಯುವವನು ಇನಾಯತ್ ಉಲ್ಲಾ ಒಬ್ಬನೇ ಎಂಬ ನಂಬಿಕೆಯಿಂದ ಅವನ ಅಂಗಡಿಯಲ್ಲೇ ಕಾದು ತಂದ ಬಾಡು, ಪ್ಯಾಕೆಟ್ಟಿನ ಮಸಾಲೆಪುಡಿಯೊಂದಿಗೆ, ಮಡಕೆಯ ಹೊಟ್ಟೆ ಸೇರಿತು. ಭವ್ಯ ತಿರುಗಣಿ ತಿರುಗಿಸಿ, ಮುಚ್ಚಳದ ಮಾತು ಹೇಳಿ, ನಾಲ್ಕಕ್ಕೆಲ್ಲ ಬಂದುಬಿಡುತ್ತೇನೆ ಎಂದು ಓಡಿದಳು.

ಅವಳ ಚಪ್ಪಲಿಯ ಸದ್ದು ಗೇಟು ದಾಟಿತು. ಧನಲಕ್ಷ್ಮಿ ಎದ್ದಳು. ಮುಚ್ಚಳ ತೆಗೆಯಬೇಡ ಎಂದಿದ್ದಳಲ್ಲ, ತೆಗೆಯಲಿಲ್ಲ. ಗೋಡೆಯ ಸ್ವಿಚ್ಚನ್ನು ಒಂದು ಬೆರಳಿನಿಂದ ಮೇಲಕ್ಕೆತ್ತಿ ಆರಿಸಿದಳು. ಅಷ್ಟೆ. ಗುಳು ಗುಳು ಇನ್ನೂ ಶುರುವಾಗಿರಲಿಲ್ಲ, ಆದ್ದರಿಂದ ನಿಲ್ಲಲೂ ಇಲ್ಲ.

ಆಮೇಲೆ ಅವಳ ಕೈಗೆ ಎಂಥದೋ ಹುರುಪು ಬಂತು. ಉದ್ದಿನ ವಡೆಗೆ ರುಬ್ಬಿದಳು, ಪಾಯಸಕ್ಕೆ ಬೆಲ್ಲ ಕುಟ್ಟಿದಳು, ಕಡುಬಿಗೆ ಹಿಟ್ಟು ತೊಳಸಿದಳು. ಸಂಜೆ ಎಲ್ಲರೆದುರು ಮುಚ್ಚಳ ತೆಗೆಯುವುದನ್ನು ಮನಸ್ಸಿನಲ್ಲೇ ಹಲವು ಸಲ ನೋಡಿದಳು: ನೀರಿನ ಮೇಲೆ ತೇಲುವ ಮಸಾಲೆಪುಡಿ, ಕೆಂಪು ಕೆಂಪಾದ ಹಸಿ ಬಾಡು, ಭವ್ಯಳ ಬಿಳಿಚಿದ ಮುಖ. ತಾನು ಆಗ ಏನೂ ಹೇಳುವುದಿಲ್ಲ. ಕರೆಂಟಿನ ಸಾಮಾನನ್ನು ನಂಬಬಾರದು ಎಂದು ಅತ್ತೆಯೇ ಹೇಳುತ್ತಾಳೆ. ಮಡಕೆ ಅಟ್ಟ ಸೇರುತ್ತದೆ.

ಮಧ್ಯಾಹ್ನ ಆಂಜನಮ್ಮ ಗಂಡನ ಫೋಟೋ ಒರೆಸಿಕೊಡು ಎಂದು ತಂದು ಅಡುಗೆಕಟ್ಟೆಗೆ ಒರಗಿಸಿ ಟೀವಿಯ ಮುಂದೆ ಹೋಗಿ ಕೂತಳು. ಫೋಟೋದಲ್ಲಿ ಮುನಿಆಂಜನಪ್ಪ ಎಂದಿನಂತೆ ಹುಬ್ಬು ಗಂಟಿಕ್ಕಿದ್ದ. ಅವನ ಊಟದ ಸಿಟ್ಟು ಊರಿಗೇ ಗೊತ್ತಿತ್ತು. ಬೇಯದ ಅವರೆಕಾಳಿಗೆ ತಟ್ಟೆಯನ್ನೇ ಅಂಗಳಕ್ಕೆ ಎಸೆದು, ಅದು ಹಾದು ಹೋಗುತ್ತಿದ್ದ ಗ್ರಾಮಸೇವಕರ ಸೈಕಲ್ಲಿಗೆ ಬಡಿದದ್ದುಂಟು. ಸತ್ತ ಮೇಲೆ ಆ ಸಿಟ್ಟು ಇಳಿದಿರುತ್ತದೆ ಎನ್ನಲು ಯಾವ ಆಧಾರವೂ ಇರಲಿಲ್ಲ. ಆದರೆ ಧನಲಕ್ಷ್ಮಿಯ ಕೈ ನಿಂತದ್ದು ಆ ಹೆದರಿಕೆಗಲ್ಲ. ಹಿರಿ ಸೊಸೆ ಬಂದ ಮೇಲೆ ತನಗೆ ಊಟದ ಹೊತ್ತಿನಲ್ಲಿ ಸಿಟ್ಟು ಮಾಡಿಕೊಳ್ಳುವುದೇ ಮರೆತುಹೋಗಿದೆ ಎಂದು ಆ ಮನುಷ್ಯ ಒಮ್ಮೆ ಬೀಗರೆದುರು ಹೇಳಿದ್ದ. ವರ್ಷಕ್ಕೊಂದು ದಿನ ಬರುತ್ತಾನೆ. ಎಲೆಯ ಮುಂದೆ ಕೂರುತ್ತಾನೆ. ಹಸಿ ಬಾಡು.

ಅವಳು ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟು ಮುಚ್ಚಳ ತೆಗೆದಳು.

ಗ್ಯಾಸಿನ ಮೇಲೆ ಪ್ರೆಶರ್ ಕುಕ್ಕರ್ ಇಟ್ಟರೆ ವಿಷಲ್ಲು ಅತ್ತೆಗೆ ಕೇಳುತ್ತದೆ. ಹಿತ್ತಲಲ್ಲಿ ನೀರೊಲೆ ಇತ್ತು. ಗೀಸರಿನ ನೀರು ಮೈಗೆ ಹತ್ತುವುದಿಲ್ಲ ಎಂಬ ಆಂಜನಮ್ಮನ ಹಟಕ್ಕಾಗಿ ಅದು ಇನ್ನೂ ಉರಿಯುತ್ತಿತ್ತು. ಹಂಡೆ ಇಳಿಸಿ, ಬಾಡನ್ನೆಲ್ಲ ದೊಡ್ಡ ಅಲ್ಯುಮಿನಿಯಂ ಪಾತ್ರೆಗೆ ಸುರಿದು, ನೀಲಗಿರಿ ಸೌದೆ ಒಟ್ಟಿದಳು. ಬರೀ ಬೇಯಿಸಿ ವಾಪಸು ಸುರಿಯುವುದೆಂದೇ ಅವಳು ಕೂತದ್ದು. ಆದರೆ ಪ್ಯಾಕೆಟ್ಟಿನ ಮಸಾಲೆಯ ವಾಸನೆ ಮೂಗಿಗೆ ಬಡಿದಾಗ ಕೈ ಸುಮ್ಮನಿರಲಿಲ್ಲ. ಒಳಗೆ ಹೋಗಿ ಧನಿಯ, ಚಕ್ಕೆ, ಲವಂಗ, ಕೊಬ್ಬರಿ ಹುರಿದು ತಂದಳು. ಮಿಕ್ಸಿಯೂ ಕೂಗುತ್ತದೆಂದು ಹಿತ್ತಲ ಒರಳಲ್ಲೇ ಅರೆದಳು. ಎಡೆಯ ಅಡುಗೆಯನ್ನು ಹಿರಿಯರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಉಪ್ಪನ್ನು ಬೆರಳ ಅಂದಾಜಿಗೆ ಹಾಕಿ, ಕುದಿಯ ಸದ್ದಿಗೆ ಕಿವಿಗೊಟ್ಟು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಳು. ಒಳಗಿನಿಂದ ಆಂಜನಮ್ಮ ಹೊಗೆ ಯಾಕೆ ಎಂದು ಕೇಳಿದಳು. ತಲೆಗೆ ನೀರು ಹಾಕ್ಕೋಬೇಕಲ್ಲ ಅತ್ತೆ ಎಂದು ಧನಲಕ್ಷ್ಮಿ ಕೂಗಿ ಹೇಳಿದಳು. ಸೀರಿಯಲ್ಲು ಮುಂದುವರಿಯಿತು.

ಬೆಂದದ್ದನ್ನು ಸುರಿಯುವ ಮುಂಚೆ ಪಿಂಗಾಣಿ ಸೀಳದಿರಲೆಂದು ಬಿಸಿನೀರು ಹಾಕಿ ಕಾವೇರಿಸಿದಳು. ಶತ್ರುವಿಗೆ ಇಷ್ಟೊಂದು ಉಪಚಾರ ಮಾಡಿದವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಾರರು. ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದಳು. ಭವ್ಯ ಬಂದಾಗ ಮಡಕೆ ಮೂಲೆಯಲ್ಲಿ ತನ್ನ ಪಾಡಿಗೆ ಗುಳು ಗುಳು ಎನ್ನುತ್ತಿತ್ತು.

ಸಂಜೆ ನಡುಮನೆಯಲ್ಲಿ ಎಡೆ ಹಾಕಿದರು. ಹೊಸ ಪಂಚೆ, ಬೀಡಿಕಟ್ಟು, ಒಂದು ಕ್ವಾರ್ಟರು, ಎಲೆಯ ತುಂಬ ಅಡುಗೆ. ಸಾರು ಬಡಿಸಲು ಮುಚ್ಚಳ ತೆಗೆದ ಭವ್ಯ ಸೌಟನ್ನು ಅದ್ದುವ ಮೊದಲು ಒಂದು ಗಳಿಗೆ ತಡೆದಳು. ಬೆಳಿಗ್ಗೆ ಅವಳು ಇಟ್ಟದ್ದು ಹಳದಿ ಬಣ್ಣದ್ದು, ಇದು ಕಂದು. ಅವಳು ಓರಗಿತ್ತಿಯ ಕಡೆ ನೋಡಿದಳು. ಧನಲಕ್ಷ್ಮಿ ವಡೆಗಳನ್ನು ಜೋಡಿಸುವುದರಲ್ಲಿ ಮುಳುಗಿದ್ದಳು.

ಧೂಪ ಹಾಕಿ ಎಲ್ಲರೂ ಹೊರಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಜಗಲಿಯಲ್ಲಿ ನಿಂತು ಕೆಂಪರಾಜ ಮೂಗು ಅರಳಿಸಿದ. ಈ ವರ್ಷದ ಸಾರಿನ ಘಮವೇ ಬೇರೆ ಎಂದ. ಅವನ ತಮ್ಮ ಆದಿನಾರಾಯಣ, ಭವ್ಯಳ ಗಂಡನೆಂಬ ಹೆಮ್ಮೆಯಲ್ಲಿ, ಅದರೊಳಗೆ ಶಾಖ ಸುತ್ತಲಿಂದಲೂ ಬರುತ್ತದೆ ಎಂದು ವಿವರಿಸತೊಡಗಿದ. ಧನಲಕ್ಷ್ಮಿಯ ಸೆರಗಿನಲ್ಲಿ ಹೊಗೆಯ ವಾಸನೆ ಇನ್ನೂ ಇತ್ತು. ತಾನು ಮಾಡಿದ ಸಾರನ್ನು ಜನ ಹೊಗಳುವುದನ್ನು ಕೇಳುತ್ತ ಅವಳ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು.

ಆಂಜನಮ್ಮ ಕೆಮ್ಮಿ ಬಾಗಿಲು ತೆಗೆದಳು. ಎಲೆಯ ಬಳಿ ಬಗ್ಗಿ, ಬಾಡಿನ ಗುಡ್ಡೆಯ ಮೇಲಿಟ್ಟಿದ್ದ ನಳ್ಳಿ ಮೂಳೆ ಅನ್ನದ ಕಡೆಗೆ ಜಾರಿರುವುದನ್ನು ತೋರಿಸಿದಳು. ಮೊದಲು ಸಾರಿಗೇ ಕೈ ಹಾಕಿದ್ದಾರೆ ಎಂದು ಕಣ್ಣೊರೆಸಿಕೊಂಡಳು.

ಊಟಕ್ಕೆ ಕೂತಾಗ ಅವಳು ಮುದ್ದೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿ, ಇನ್ನೊಂದು ನುಂಗಿ, ಕೈಯನ್ನು ಮೂಗಿನ ಹತ್ತಿರ ಹಿಡಿದಳು.

"ನೋಡ್ರಪ್ಪ, ಸೌದೆ ಒಲೆ ಮ್ಯಾಲೆ ಮಾಡ್ದಂಗೇ ಐತೆ, ಹೊಗೆ ವಾಸ್ನೆ ಸಮೇತ. ಆ ಮಿಷಿನ್ನು ಮಾಡ್ದೋನು ಬಲೇ ತಲೆ ಓಡ್ಸವ್ನೆ."

ಕೆಂಪರಾಜ ಮೂಳೆ ಚೀಪುತ್ತಲೇ ಹೆಂಡತಿಯ ಕಡೆ ತಿರುಗಿದ. "ನೀನೂ ಒಂಚೂರು ಕಲ್ತ್ಕೊಳೆ ಇದನ್ನ. ಭವ್ಯನ್ನ ಕೇಳು, ಹೇಳ್ಕೊಡ್ತಾಳೆ."

ಧನಲಕ್ಷ್ಮಿ ಸಾರಿಗೆ ಸೌಟು ಅದ್ದಿದಳು. ಬಾಯಿ ಬಿಟ್ಟರೆ ಒಲೆಯ ಮಾತು ಬರುತ್ತದೆ. ಒಲೆಯ ಮಾತಿನ ಹಿಂದೆಯೇ ಸ್ವಿಚ್ಚಿನ ಮಾತೂ ಬರಬೇಕಾಗುತ್ತದೆ. ಅವಳು ಗಂಡನ ಎಲೆಗೆ ಸಾರು ಬಿಟ್ಟಳು. ಇನ್ನು ವರ್ಷ ವರ್ಷವೂ ಎಡೆ ಸಾರು ಭವ್ಯಳದೇ ಇರಲಿ, ಧನಲಕ್ಷ್ಮಿಯಾದರೂ ಎಷ್ಟೂಂತ ಮಾಡುತ್ತಾಳೆ ಎಂದು ಆಂಜನಮ್ಮ ಕರುಣೆಯಿಂದಲೇ ಹೇಳಿದಳು. ಭವ್ಯ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿಯುತ್ತ, ಹೊಗಳಿಕೆಗೆ ಎಷ್ಟು ಬೇಕೋ ಅಷ್ಟು ತಲೆ ತಗ್ಗಿಸಿದಳು. ಅರ್ಧ ಊಟಕ್ಕೇ ಎದ್ದು ಅವಳೂ ಬಡಿಸಲು ನಿಂತಳು.

ಗಂಡಸರು ಎದ್ದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಕರೆಂಟ್ ಹೋಗಿತ್ತಾ ಅಕ್ಕ?" ಎಂದಳು ಭವ್ಯ.

"ಹೂಂ. ಮಧ್ಯಾಹ್ನ."

ನಡುಮನೆಯಲ್ಲಿ ಆಂಜನಮ್ಮ ಮಗನಿಗೆ ಮಧ್ಯಾಹ್ನದ ಸೀರಿಯಲ್ಲಿನ ಕಥೆ ಹೇಳುತ್ತಿದ್ದಳು. ಇವತ್ತು ಪುಣ್ಯಕ್ಕೆ ಒಂದ್ಗಳಿಗೆನೂ ಕರೆಂಟು ತೆಗೀಲಿಲ್ಲ, ಪೂರ್ತಿ ನೋಡ್ದೆ ಎಂಬ ಮಾತು ಬಾಗಿಲು ದಾಟಿ ಸ್ಪಷ್ಟವಾಗಿ ಬಂತು. ಧನಲಕ್ಷ್ಮಿ ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಭವ್ಯ ಎರಡು ತಟ್ಟೆ ತಂದು ನೆಲದ ಮೇಲಿಟ್ಟಳು.

"ಮುಂದಿನ್ ವರ್ಷಾನೂ ನಾನು ಬೆಳಿಗ್ಗೆ ಇಟ್ಟು ಹೋಗ್ತೀನಿ ಅಕ್ಕ," ಎಂದಳು, ಮುದ್ದೆ ಮುರಿದು ಬಡಿಸುತ್ತ. "ಮಧ್ಯಾಹ್ನ ಕರೆಂಟ್ ಹೋದ್ರೆ ನೀವು ನೋಡ್ಕೊಳ್ಳಿ."

ಧನಲಕ್ಷ್ಮಿ ಅವಳ ಮುಖವನ್ನು ಹುಡುಕಿ ನೋಡಿದಳು. ಉಪಕಾರವೋ, ಬಡ್ಡಿಯೋ, ಅಲ್ಲಿ ಏನೂ ಬರೆದಿರಲಿಲ್ಲ. ದಿನವಿಡೀ ಆಫೀಸು ಮಾಡಿ ಬಂದವಳ ಹಸಿವು ಮಾತ್ರ ಇತ್ತು. ಭವ್ಯ ಗಡಿಗೆಯ ತಳದಲ್ಲಿ ಸೌಟಾಡಿಸಿ, ಉಳಿದಿದ್ದರಲ್ಲಿ ದೊಡ್ಡ ನಳ್ಳಿಯನ್ನು ಹುಡುಕಿ ತೆಗೆದು ಓರಗಿತ್ತಿಯ ತಟ್ಟೆಗೆ ಹಾಕಿದಳು.

ಧನಲಕ್ಷ್ಮಿ ಅದನ್ನು ಎತ್ತಿ ಬಾಯಿಗಿಟ್ಟು ಚೀಪಿದಳು. ಒಳಗಿನ ಕೊಬ್ಬು ಬರಲಿಲ್ಲ. ಮೂಳೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದಳು. ತಟ್ಟೆ ಜಾರಿತು. ಭವ್ಯ ಉಣ್ಣುವುದನ್ನು ನಿಲ್ಲಿಸದೆ ಎಡಗೈ ಚಾಚಿ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಧನಲಕ್ಷ್ಮಿ ಮತ್ತೆ ಕುಟ್ಟಿದಳು, ಈ ಸಲ ಇನ್ನೂ ಜೋರಾಗಿ.