ಯಾಕ ಚೀರಲಿಲ್ಲ?

ಸೇಡಂ ಬಸ್ ನಿಲ್ದಾಣದಲ್ಲಿ ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಚಿತ್ತಾಪುರದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದು, ದಿನಾ ಸೇಡಮ್ಮಿನಿಂದ ಬಸ್ಸಿನಲ್ಲಿ ಹೋಗಿ ಬಂದವನು ನಾನು. ಅಷ್ಟು ವರ್ಷದಲ್ಲಿ ಬಡ್ತಿ ಸಿಗಲಿಲ್ಲ, ಸೀಟು ಮಾತ್ರ ದಿನಾ ಸಿಕ್ಕಿತು.

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ನಮ್ಮದು. ಇದಕ್ಕೆ ನಮ್ಮ ಕಡೆ ಯಾರೂ ತಕರಾರು ತೆಗೆಯುವುದಿಲ್ಲ. ಟವೆಲ್ಲಿಗಿಂತ ಗಟ್ಟಿಯಾದದ್ದು ಮಗು. ಮಗುವನ್ನು ಎತ್ತಿ ಕಿಟಕಿಯಿಂದ ಒಳಗಿಳಿಸಿ ಕೂಡಿಸಿಬಿಟ್ಟರೆ ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ನಿವೃತ್ತಿಯಾದ ಮೇಲೂ ನೆಂಟರನ್ನು ಬಸ್ಸು ಹತ್ತಿಸುವ ನೆಪದಲ್ಲಿ ನಿಲ್ದಾಣಕ್ಕೆ ಹೋಗಿ ಈ ವಿದ್ಯೆಯನ್ನು ತುಕ್ಕು ಹಿಡಿಯದಂತೆ ನೋಡಿಕೊಂಡಿದ್ದೇನೆ.

ಹೀಗಾಗಿಯೇ, ಎಂಟು ವರ್ಷದ ಶಿವರಂಜನಿಯನ್ನು, ಅವಳನ್ನು ಅಪಹರಿಸಿದವನ ಸೀಟಿನಲ್ಲಿ, ನನ್ನ ಕೈಯಾರೆ ಕೂಡಿಸಿದೆ.

ಅಂದು ನಾದಿನಿಯನ್ನು ಹೈದರಾಬಾದ್ ಬಸ್ಸು ಹತ್ತಿಸಲು ಹೋಗಿದ್ದೆ. ಅಮಾವಾಸ್ಯೆಯ ಮರುದಿನ, ಜಾತ್ರೆಯಂಥ ಗದ್ದಲ. ನಾದಿನಿಗೆ ಟವೆಲ್ ಬಿದ್ದಾಗಿತ್ತು. ಆಗ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳನ್ನು ಎಳೆದುಕೊಂಡು ಒಬ್ಬ ಓಡಿ ಬಂದ.

“ಅಯ್ಯನೋರೇ, ನನಗೂ ಒಂದು ಸೀಟು ನೋಡ್ರಿ. ಕೂಸು ಭಾಳ ಹಟ ಮಾಡ್ಲಿಕತ್ತದ,” ಎಂದ.

ನನ್ನ ವಿದ್ಯೆಯನ್ನು ಗುರುತಿಸಿದವನು ಸಿಕ್ಕರೆ ನಾನು ಕರಗಿಹೋಗುತ್ತೇನೆ. “ಕೂಸಿಗಿ ನನ್ನ ಕೈಯಾಗ ಕೊಡ್ರಿ,” ಎಂದು ಅವಳನ್ನು ಎತ್ತಿದೆ. ಅವಳು ಕಿಟಕಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, “ನಾ ಹೋಗಲ್ಲ! ಇಂವ ನಮ್ಮಪ್ಪ ಅಲ್ಲ!” ಎಂದು ಕಿರುಚಿದಳು.

“ಹಂಗಾದ್ರ ನಾನೇನು ನಿಮ್ಮಪ್ಪ?” ಎಂದೆ ನಾನು.

ಸುತ್ತ ನಿಂತಿದ್ದ ಜನ ಗೊಳ್ಳೆಂದು ನಕ್ಕರು. ಜನ ನಕ್ಕರೆ ನನಗೆ ಇನ್ನಷ್ಟು ಹುರುಪು. “ಬಾಯಿ ಮುಚ್ಚು, ದೊಡ್ಡವರಿಗಿ ಹಿಂಗ ತ್ರಾಸ ಕೊಡಬಾರ್ದು,” ಎಂದು ಗದರಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಇಳಿಸಿದೆ. ನಮ್ಮ ಊರಲ್ಲಿ ಯಾರ ಮಗುವನ್ನಾದರೂ ಯಾರಾದರೂ ಬೈಯಬಹುದು. ಅದನ್ನು ನಾವು ಸಂಸ್ಕಾರ ಎನ್ನುತ್ತೇವೆ. ಬಸ್ಸು ಹೊರಟಾಗ ಆ ಮನುಷ್ಯ ನನಗೆ ಕೈಮುಗಿದ. ನಾನು ಧನ್ಯನಾಗಿ ಮನೆಗೆ ಬಂದು ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಸುದ್ದಿ ಬಂತು: ಕಿರಾಣಿ ಅಂಗಡಿಯ ಸಂತೋಷಕುಮಾರನ ಮಗಳು ಕಾಣೆಯಾಗಿದ್ದಾಳೆ, ಅಂಗಡಿಯಿಂದ ಬಿಡಿಸಿದ್ದ ಹಳೆಯ ಕೆಲಸಗಾರನ ಮೇಲೆ ಅನುಮಾನ. ಆ ಅಂಗಡಿ ಇರುವುದು ನಮ್ಮ ಹಿಂದಿನ ಓಣಿಯಲ್ಲಿ. ನಮ್ಮ ಮನೆಗೆ ಸಕ್ಕರೆ ಬರುವುದೇ ಅಲ್ಲಿಂದ, ಆದರೆ ತರುವವಳು ಹೆಂಡತಿ; ಆ ಕೆಲಸಗಾರನನ್ನಾಗಲಿ ಮಗಳನ್ನಾಗಲಿ ನಾನು ನೋಡಿದವನಲ್ಲ. ಜೊತೆಗೆ ಬಂದ ಫೋಟೊದಲ್ಲಿ ಹುಡುಗಿ ಶಾಲೆಯ ನಾಟಕಕ್ಕಾಗಿ ಕಿರೀಟ, ಗಡ್ಡ, ಮೀಸೆ ಹಚ್ಚಿಕೊಂಡು ರಾಜನಾಗಿ ನಿಂತಿದ್ದಳು. ನಾನು ಅದನ್ನು ಸರಿಯಾಗಿ ನೋಡದೆಯೇ, ‘ಕಂಡವರು ಕೂಡಲೇ ತಿಳಿಸಿ’ ಎಂದು ಬರೆದು ಹದಿನಾಲ್ಕು ಗ್ರೂಪುಗಳಿಗೆ ಕಳಿಸಿದೆ. ಕಂಡವನೇ ನಾನು.

ನಾಲ್ಕನೆಯ ದಿನ ಹುಡುಗಿ ಹೈದರಾಬಾದ್ ದಾರಿಯ ತಾಂಡೂರಿನಲ್ಲಿ ಸಿಕ್ಕಳು. ಅವನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಯಜಮಾನಿ, ನೂರಜಹಾನ್ ಎಂಬ ಹೆಂಗಸು, ಮಗುವಿನ ಮುಖ ನೋಡಿಯೇ ಸಂಶಯಪಟ್ಟು ಪೊಲೀಸರಿಗೆ ಫೋನು ಮಾಡಿದ್ದಳು. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಇಡೀ ಸೇಡಂ ಪಟಾಕಿ ಹೊಡೆಯಿತು. ನಾನೂ ಒಂದು ಸರ ಹೊಡೆದೆ.

ಆಮೇಲೆ ಶುರುವಾಯಿತು ನೋಡಿ. ಮಗು ಮರಳಿ ಬಂದದ್ದು ತನ್ನಿಂದಲೇ ಎನ್ನದವರು ಊರಲ್ಲಿ ಉಳಿಯಲಿಲ್ಲ. ಒಬ್ಬರು ಹರಕೆ ಹೊತ್ತಿದ್ದರು, ಒಬ್ಬರು ಸ್ಟೇಟಸ್ ಹಾಕಿದ್ದರು, ವಾಡಿಯ ಒಬ್ಬರಿಗೆ ಕನಸಿನಲ್ಲಿ ದಿಕ್ಕು ಕಂಡಿತ್ತು. ಆ ದಿಕ್ಕು ಬೇರೆಯಾಗಿದ್ದರೂ ಕನಸು ನಿಜವೇ ಆಗಿತ್ತಂತೆ. ಶಹಾಬಾದಿನಲ್ಲಿರುವ ಸಂತೋಷಕುಮಾರನ ಬೀಗರು ಫರಸಿ ಕಲ್ಲಿನ ಮೇಲೆ ‘ಕ್ಷೇಮವಾಗಿ ಮರಳಿದ ಕಂದ’ ಎಂದು ಕೆತ್ತಿಸಿ, ಕೆಳಗೆ ತಮ್ಮ ಹೆಸರನ್ನೂ ಹಾಕಿಸಿ ತಂದರು. ಕಲ್ಲು ಕಂದನಿಗಿಂತ ಭಾರವಿತ್ತು. ನಾನಂತೂ ಹದಿನಾಲ್ಕು ಗ್ರೂಪುಗಳ ಲೆಕ್ಕವನ್ನು ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ, ನಾಲ್ಕನೆಯ ಸಲಕ್ಕೆ ಅದು ನಲವತ್ತಾಗಿತ್ತು.

ಹೆಂಡತಿ ಸೂಗಮ್ಮ, “ಎಲ್ಲಾರೂ ಮಾತಾಡಿಸಿ ಬಂದಾರ, ನಾವೂ ಹೋಗೋಣ ನಡೀರಿ,” ಎಂದಳು. ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋದೆವು.

ಪಡಸಾಲೆ ತುಂಬ ಜನ. ನಡುವೆ ಚಾಪೆಯ ಮೇಲೆ ಹುಡುಗಿ. ಗಡ್ಡಮೀಸೆ ಇಲ್ಲದ ಆ ಮುಖವನ್ನು ನೋಡಿದ್ದೇ ತಡ, ಬಸ್ಸಿನ ಕಿಟಕಿ ನೆನಪಾಯಿತು. ಅವಳೂ ನನ್ನನ್ನು ನೋಡಿದಳು. ತಾಯಿ ಬಸವೇಶ್ವರಿಯ ಸೆರಗು ಹಿಡಿದುಕೊಂಡು ಹಿಂದೆ ಸರಿದಳು.

ಪಕ್ಕದ ಮನೆಯ ಗುಂಡಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, ಮಗುವಿನ ಗಲ್ಲ ಹಿಂಡಿ, “ಅಲ್ಲವ್ವಾ, ಅಷ್ಟು ಮಂದಿ ಇದ್ರು ಸ್ಟ್ಯಾಂಡಿನಾಗ. ಯಾಕ ಚೀರಲಿಲ್ಲ ನೀ?” ಎಂದಳು.

“ಚೀರಿದ್ದೆ,” ಎಂದಳು ಹುಡುಗಿ.

“ಚೀರಿದ್ರ ಮಂದಿ ಸುಮ್ಕ ಬಿಡ್ತಿದ್ರೇನು? ನಮ್ಮ ಮಂದಿ ಹಂಗಿಲ್ಲವ್ವಾ.”

ಎಲ್ಲರೂ ತಲೆಯಾಡಿಸಿದರು. ಬಸವೇಶ್ವರಿ ಕಣ್ಣೊರೆಸಿಕೊಂಡು ಸೂಗಮ್ಮನಿಗೆ ಮೆಲ್ಲಗೆ ಹೇಳಿದಳು: “ಬಂದವರೆಲ್ಲ ಇದನ್ನೇ ಕೇಳ್ತಾರ್ರಿ. ಇಕಿ ಎಲ್ಲಾರಿಗೂ ಚೀರಿದ್ದೆ ಅಂತ ಸುಳ್ಳ ಹೇಳ್ತಾಳ. ಮೊದಲ ಇಂಥಾ ಚಟ ಇರಲಿಲ್ಲ. ನಿನ್ನಿ ಬೈದೆ. ಆಗಿನಿಂದ ನನ್ನ ಜೋಡಿ ಮಾತೇ ಬಿಟ್ಟಾಳ.”

ನಾನು ಬಿಸ್ಕತ್ತು ಕೆಳಗಿಟ್ಟು, “ಮಕ್ಕಳು, ಹೋಗ್ಲಿ ಬಿಡ್ರಿ,” ಎಂದೆ. ದೊಡ್ಡ ಮನಸ್ಸು ನನ್ನದು, ಅವಳ ಸುಳ್ಳನ್ನು ಕ್ಷಮಿಸಿಬಿಟ್ಟೆ.

ಮನೆಗೆ ಬಂದು ಸೂಗಮ್ಮನಿಗೆ ಇದ್ದದ್ದನ್ನು ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಆ ಕೂಸು ಖರೇ ಹೇಳಿ ಬೈಸ್ಕೊಳ್ಳಾಕತ್ತದ, ನೀವಿಲ್ಲಿ ರೊಟ್ಟಿ ತಿಂತೀರಿ? ಹೋಗಿ ಹೇಳ್ರಿ.”

“ಹೇಳಿದ್ರ ಮಂದಿ ನನಗ ಏನಂತಾರ?”

“ಏನರ ಅನ್ಲಿ. ನಿಮಗ ಅರವತ್ತೊಂದು, ಆಕಿಗಿ ಎಂಟು.”

ಮೂರು ದಿನ ಆ ಅಂಗಡಿಯ ಮುಂದೆ ಹೋದೆ. ಮೂರು ದಿನವೂ ಸಕ್ಕರೆ ತಂದೆ.

ನಾಲ್ಕನೆಯ ದಿನ ಓಣಿಯ ಗೆಳೆಯರ ಸಂಘದ ಅಧ್ಯಕ್ಷ ಅಣವೀರ ಬಂದ. ಭಾನುವಾರ ಸಮುದಾಯ ಭವನದಲ್ಲಿ ಸತ್ಕಾರ ಸಮಾರಂಭ, ನಿರೂಪಣೆ ನನ್ನದು. ಸತ್ಕಾರ ಯಾರಿಗೆಂದು ಪಟ್ಟಿ ನೋಡಿದೆ: ‘ಮಗುವಿನ ಬಿಡುಗಡೆಗೆ ಶ್ರಮಿಸಿದ ಮಹನೀಯರು’ ಮೂವತ್ತೊಂದು ಜನ. ನೂರಜಹಾನಳ ಹೆಸರಿರಲಿಲ್ಲ, ಅವಳ ಫೋನ್ ನಂಬರು ಸಿಕ್ಕಿರಲಿಲ್ಲವಂತೆ. ಹನ್ನೊಂದನೆಯ ಹೆಸರು ನನ್ನದು: ಶ್ರೀ ಗುರುಲಿಂಗಯ್ಯನವರು, ಮೊಬೈಲ್ ಪ್ರಚಾರ. ನಾಚಿಕೆಯಾಯಿತು. ಹನ್ನೊಂದನೆಯ ಸ್ಥಾನಕ್ಕೆ ಸ್ವಲ್ಪ ಬೇಸರವೂ ಆಯಿತು.

ಭಾನುವಾರ ಭವನ ತುಂಬಿತ್ತು. ವೇದಿಕೆಯ ಮೇಲೆ ಶಿವರಂಜನಿಗೆ ಶಾಲು ಹೊದಿಸಿ, ಅವಳು ಕಾಣದಷ್ಟು ಹಾರ ಹಾಕಿ ಕೂಡಿಸಿದ್ದರು. ಪಕ್ಕದಲ್ಲಿ ಬಸವೇಶ್ವರಿ. ನನ್ನ ನಿರೂಪಣೆ ಎಂದಿನಂತೆ ನಿರರ್ಗಳವಾಗಿತ್ತು. ಮುಖ್ಯ ಅತಿಥಿ, ನಿವೃತ್ತ ಹೆಡ್‌ಮಾಸ್ತರ ಶಿವರಾಯ ಸರ್, ಮಕ್ಕಳ ಸುರಕ್ಷತೆಯ ಬಗ್ಗೆ ಅರ್ಧ ತಾಸು ಮಾತಾಡಿ, ಕೊನೆಗೆ ಮೈಕನ್ನು ಹುಡುಗಿಯ ಬಾಯಿಯ ಮುಂದೆ ಹಿಡಿದರು.

“ಗೊತ್ತಿಲ್ಲದವರು ಕೈ ಹಿಡಿದ್ರ ಏನು ಮಾಡಬೇಕು? ಚೀರಬೇಕು. ಹೌದಿಲ್ಲೋ? ಈಗ ಎಲ್ಲಾ ಮಕ್ಕಳಿಗಿ ಗೊತ್ತಾಗಂಗ ಒಮ್ಮಿ ಚೀರಿ ತೋರಸವ್ವಾ.”

ಹುಡುಗಿ ಬಾಯಿ ಬಿಡಲಿಲ್ಲ.

“ನೋಡ್ರಿ, ಇದೇ ನಮ್ಮ ಮಕ್ಕಳ ತಪ್ಪು,” ಎಂದರು ಸರ್. ಜನ ಕನಿಕರದಿಂದ ನಕ್ಕರು.

“ಅವತ್ತು ಚೀರಿದ್ದೆ,” ಎಂದಳು ಹುಡುಗಿ. ಮೈಕಿನಲ್ಲಿ ಇಡೀ ಭವನಕ್ಕೆ ಕೇಳಿಸಿತು.

“ಮತ್ತ ಸುಳ್ಳ ಹೇಳ್ತಿ?” ಎಂದು ಬಸವೇಶ್ವರಿ ಅವಳ ತೋಳು ಜಗ್ಗಿದಳು. ಆ ಮಾತೂ ಮೈಕಿನಲ್ಲಿ ಕೇಳಿಸಿತು.

ಹುಡುಗಿ ತಲೆ ಎತ್ತಿ ನೇರ ನನ್ನ ಕಡೆ ನೋಡಿದಳು. ಬೈಯಲಿಲ್ಲ, ಬೆರಳು ಮಾಡಿ ತೋರಿಸಲಿಲ್ಲ. ನೋಡಿದಳು, ಅಷ್ಟೇ. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿತು. ಸರ್ ಕೈಯಿಂದ ಮೈಕು ಕಸಿದುಕೊಂಡೆ.

“ಆಕಿ ಖರೇನೇ ಚೀರಿದ್ದಳ್ರೀ. ಆಕಿಗಿ ಬಸ್ಸಿನಾಗ ಕೂಡಿಸಿದಾಂವ ನಾನು. ಕಿಟಕಿಯಿಂದ ಎತ್ತಿ ಹಾಕಿದೆ. ಇಂವ ನಮ್ಮಪ್ಪ ಅಲ್ಲ ಅಂದ್ಳು, ನಾ ಮಸ್ಕಿರಿ ಮಾಡಿದೆ.”

ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಅಯ್ಯನೋರು ಹನ್ನೊಂದನೇ ನಂಬರಿಗಿ ಸಿಟ್ಟಾಗ್ಯಾರ!”

ಭವನವೇ ನಕ್ಕಿತು. ಊರಲ್ಲಿ ಏನೇ ನಡೆದರೂ ಅದರಲ್ಲಿ ನನ್ನ ಕೈಯಿದೆ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದವನು ನಾನು. ಕಾಗಿಣಾ ಹೊಳೆಗೆ ನೆರೆ ಬಂದಾಗ ಮೊದಲು ನೋಡಿದವನು ನಾನು, ಶಾಲೆಗೆ ಗಂಟೆ ತರಿಸಿದವನು ನಾನು. ಈಗ ಅಪಹರಣದಲ್ಲೂ ಪಾಲು ಕೇಳುತ್ತಿದ್ದೇನೆ ಎಂದು ಜನ ತಿಳಿದರೆ ಅದು ಅವರ ತಪ್ಪಲ್ಲ. ಅಣವೀರ ನಗುತ್ತಲೇ ಬಂದು, “ಸಾಕು ಬಿಡ್ರಿ ಅಯ್ಯನೋರೇ, ನಿಮಗ ಎರಡು ಶಾಲು ಹಾಕ್ತೀವಿ,” ಎಂದು ಮೈಕು ಇಸಿದುಕೊಂಡು ವಂದನಾರ್ಪಣೆ ಮುಗಿಸಿಬಿಟ್ಟ.

ಜನ ಉಪ್ಪಿಟ್ಟಿನ ಕಡೆ ಎದ್ದರು. ಮೈಕಿನ ಅಬ್ದುಲ್ ಗನಿ ವೈರು ಸುತ್ತತೊಡಗಿದ. ನಾನು ವೇದಿಕೆಯ ಮೂಲೆಯಲ್ಲಿ ನಿಂತಿದ್ದೆ. ಜೀವನದಲ್ಲಿ ಒಂದೇ ಒಂದು ನಿಜ ಹೇಳಿದ್ದೆ, ಅದಕ್ಕೂ ಜನ ನಕ್ಕಿದ್ದರು.

ಅಷ್ಟರಲ್ಲಿ ಹುಡುಗಿ ಹಾರಗಳನ್ನು ತೆಗೆದು ಕುರ್ಚಿಯ ಮೇಲಿಟ್ಟು, ತಾಯಿಯ ಕೈ ಹಿಡಿದು ಎಳೆಯುತ್ತಾ ನನ್ನ ಮುಂದೆ ಬಂದು ನಿಂತಳು.

“ಮುತ್ಯಾ, ಇನ್ನೊಮ್ಮಿ ಹೇಳ್ರಿ. ನಮ್ಮವ್ವಗ ಹೇಳ್ರಿ.”

ಬಸವೇಶ್ವರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೊಬ್ಬಳು ನಕ್ಕಿರಲಿಲ್ಲ.

“ಹೌದು ತಾಯಿ,” ಎಂದೆ. “ಕಿಟಕಿ ಗಟ್ಟಿ ಹಿಡಿದಿದ್ದಳು. ನಾನೇ ಬೆರಳು ಬಿಡಿಸಿದೆ. ಬಸ್ಸು ಸ್ಟ್ಯಾಂಡ್ ಬಿಡೋತನಕ ಚೀರಾಕತ್ತಿದ್ದಳು.”

ಅವಳು ನನ್ನ ಕೆನ್ನೆಗೆ ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಅಷ್ಟು ಮಂದಿಯೊಳಗ ಯಾರಿಗೂ ಕೇಳಿಸಲಿಲ್ಲೇನ್ರಿ?” ಎಂದಳು.

“ಕೇಳಿಸ್ತು ತಾಯಿ. ಎಲ್ಲಾರಿಗೂ ಕೇಳಿಸ್ತು.”

ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮಗಳ ಎರಡೂ ಕೈ ಹಿಡಿದುಕೊಂಡು, “ತಪ್ಪಾಯ್ತವ್ವಾ,” ಎಂದಳು.

“ನಾ ಹೇಳಿದ್ದೆನಲ್ಲ,” ಎಂದಳು ಶಿವರಂಜನಿ.