ನೀಲವ್ವನ ಚವರಿ

"ಸರಿ ಅತ್ತಾಗ, ನಾ ಹಿಕ್ತೇನಿ," ಎಂದು ಅವ್ವ ನೆರೆಮನೆಯ ಕೆಂಚವ್ವನ ಕೈಯಿಂದ ಹಣಿಗೆ ಕಸಿದುಕೊಂಡಳು.

ಮೈ ತೊಳೆದು, ವಿಭೂತಿ ಹಚ್ಚಿ, ನೀಲವ್ವನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಾಲ್ಕು ದಿನದ ಜ್ವರಕ್ಕೆ ಹೋದವಳು. ವಯಸ್ಸು ಮೂವತ್ತೆರಡು, ಎತ್ತರ ಹತ್ತು ವರ್ಷದ ಹುಡುಗಿಯದು. ನೆತ್ತಿಯ ಮೇಲೆ ಇದ್ದ ನಾಲ್ಕೆಳೆ ಕೂದಲನ್ನು ಅವ್ವ ನೋವಾದೀತೆಂಬಂತೆ ಮೆಲ್ಲಗೆ ಬಾಚುತ್ತಿದ್ದಳು.

ಹಳಿಯಾಳದಿಂದ ಮೊದಲ ಬಸ್ಸಿಗೆ ಬಂದ ನೀಲವ್ವನ ಅಕ್ಕ ಗುರುಬಸವ್ವ ಬಾಗಿಲಲ್ಲೇ ನಿಂತಳು. ಅವಳ ಹೊಟ್ಟೆ ಉರಿಯಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡುವವರುಂಟೇ? ಉಂಟು, ಇವಳೊಬ್ಬಳು. ಸೊಂಟ ದಾಟುವ ದಪ್ಪ ಗುಂಗುರು ಜಡೆ ಇವಳದು. ತಂಗಿ ಹುಟ್ಟಿದ ಮೇಲೆ ಅವ್ವ ಒಮ್ಮೆಯೂ ಅದಕ್ಕೆ ಹಣಿಗೆ ಹಚ್ಚಿದವಳಲ್ಲ. "ನೀ ಗಟ್ಟಿ ಇದ್ದಿ, ನೀನಽ ಹಿಕ್ಕೊ," ಎಂದುಬಿಡುತ್ತಿದ್ದಳು.

*

2003ರಲ್ಲಿ ಹುಬ್ಬಳ್ಳಿಯ ಡಾಕ್ಟರು ಕೊನೆಗೂ ನೀಲವ್ವನ ಜಡ್ಡಿನ ಮೂಲ ಹೇಳಿದ್ದರು.

"ಜೀವಕೋಶದಾಗ ಆರ್‌ಎನ್‌ಎ ಅಂತ ಎಳಿ ಇರ್ತಾವ್ರಿ. ಅವನ್ನ ಅಳತಿಗೆ ಕತ್ತರಿಸೂ ಕಿಣ್ವ ಒಂದೈತಿ. ಇವರದು ಹುಟ್ಟಿನಿಂದನಽ ಕೆಟ್ಟೈತಿ. ಅದಕ್ಕ ಎಲುಬು ಬೆಳೀಲಿಲ್ಲ, ಕೂದಲಾ ಬರಲಿಲ್ಲ, ಜಡ್ಡು ತಡಿಯೂ ಶಕ್ತಿನೂ ಕಡಿಮಿ."

ದಾಂಡೇಲಿಯ ಮಿಲ್ಲಿನಲ್ಲಿ ಕಾಗದ ಕತ್ತರಿಸುತ್ತಲೇ ಮುದುಕನಾದ ಅಪ್ಪ ಅಡಿವೆಯ್ಯ ಕೇಳಿದ: "ಬ್ಲೇಡ್ ಮೊಂಡಾದಂಗೇನ್ರಿ?"

"ಹಂಗಽ ಅನ್ಕೊಳ್ರಿ. ತಾಯಿ, ತಂದಿ ಇಬ್ಬರ ಕಡಿಂದನೂ ಬಂದೈತಿ. ದೊಡ್ಡಾಕಿ ಪಾರಾಗ್ಯಾಳ."

ಪಾರಾದವಳ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅವ್ವ ನೀಲವ್ವನ ತಲೆ ಸವರುತ್ತ ಕೂತಳು. ಆ ಜಡ್ಡು ತನಗಾದರೂ ಬರಬಾರದಿತ್ತೇ ಎಂದು ಗುರುಬಸವ್ವನಿಗೆ ಅನಿಸಿತ್ತು.

*

"ಹಿಂಗ ಬೋಳುತಲೀಲೆ ಕಳಸೂದೇನ? ಜಡಿಗೆ ಕಟ್ಟಾಕ ಚವರಿ ಏನರ ಐತೇನ?" ಎಂದಳು ಕೆಂಚವ್ವ.

"ಆಕಿ ಟ್ರಂಕಿನಾಗ ನೋಡು, ಗುರೂ," ಎಂದಳು ಅವ್ವ, ತಲೆ ಎತ್ತದೆ.

ಟ್ರಂಕಿನ ತಳದಲ್ಲಿ, ಹಳೆಯ ಬಟ್ಟೆಯೊಳಗೆ ಚವರಿ ಇತ್ತು. ದಪ್ಪ, ಗುಂಗುರು. ಮುಟ್ಟಿದೊಡನೆ ಗುರುಬಸವ್ವನಿಗೆ ಗೊತ್ತಾಯಿತು. ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಅವಳು ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ಅದು ಮಾಯವಾದಾಗಲೆಲ್ಲ ಇಲಿಗಳನ್ನು ಬೈಯುತ್ತಿದ್ದಳು.

ಅವ್ವನೂ ನಿನಗೇ, ನನ್ನ ಕೂದಲೂ ನಿನಗೇ ಬೇಕಿತ್ತೇನೆ? ಅವಳು ಟ್ರಂಕಿನ ಬಾಯಿ ಮುಚ್ಚಿದಳು. ಏನೂ ಇಲ್ಲ ಎಂದು ಹೇಳಿಬಿಡುವುದೆಂದುಕೊಂಡಳು. ಮತ್ತೆ ತೆರೆದಳು. ಚವರಿಗೆ ಎಣ್ಣೆಯ ಜಿಡ್ಡು ಕೂಡ ಇರಲಿಲ್ಲ. ಪಾಪದ್ದು, ಒಮ್ಮೆಯೂ ಕಟ್ಟಿಕೊಂಡಿರಲಿಲ್ಲ.

ಹೊರಗೆ ತಂದು ಕೊಟ್ಟಳು. ಅವ್ವ ಅದರ ಗುಂಗುರನ್ನು ಬೆರಳಿನಿಂದ ಬಿಡಿಸಿ ನೋಡಿದಳು.

"ಇದು ನಿನ್ನ ಕೂದಲಾ."

"ಹೂಂ."

ಅವ್ವ ಚವರಿಯನ್ನು ದಾರದಿಂದ ನೀಲವ್ವನ ತಲೆಗೆ ಬಿಗಿದು, ಎಣ್ಣೆ ಸವರಿ, ಸಿಕ್ಕು ಬಿಡಿಸಿ, ಮೂರು ಕಾಲು ಮಾಡಿ ಹೆಣೆಯತೊಡಗಿದಳು. ಗುರುಬಸವ್ವ ಪಕ್ಕದಲ್ಲಿ ಕೂತಳು. ಅವ್ವ ಒಂದೊಂದು ಹೆಣಿಕೆಯನ್ನು ಎಳೆದಾಗಲೂ ಗುರುಬಸವ್ವನ ಕುತ್ತಿಗೆ ತಾನಾಗಿ ಹಿಂದಕ್ಕೆ ವಾಲುತ್ತಿತ್ತು.