ರೂಪಾ ಹರಕನ್ನು ದೊಡ್ಡದು ಮಾಡಿದ್ದು

ಈ ಕಥೆ ಹೇಳುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ, ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೊಲಿಗೆ ಬಲ್ಲವರು ಓದಿದರೆ ಒಂದೆರಡು ತಪ್ಪು ಸಿಕ್ಕೇ ಸಿಗುತ್ತದೆ.

ಮಾಲಿನಿ ಅಕ್ಕೋರು ಕುಮಟೆ ಹತ್ತಿರದ ಮೀನುಗಾರರ ಊರು ಬಾಡದ ಶಾಲೆಯಲ್ಲಿ ಹೊಲಿಗೆ ಕಲಿಸುವವರು. ಕುಮಟೆಯ ಸಂಜೆ ತರಗತಿಯಲ್ಲಿ ಕಲಿತು ಸರ್ಟಿಫಿಕೇಟು ಪಡೆದವರು. ಹಾಗಾಗಿ ತಾನು ಕಲಿಸಿದ್ದು ಸರಿಯೋ ತಪ್ಪೋ ಎಂಬ ಅಳುಕು ಅವರನ್ನು ಬಿಟ್ಟದ್ದಿಲ್ಲ. ಪೇಟೆ ಶಾಲೆಯಲ್ಲಿ ಎಂಟು ಮಶೀನು, ಬಾಡದಲ್ಲಿ ಒಂದೇ. ಅದರ ಬೆಲ್ಟೂ ಆಗಾಗ ಜಾರುತ್ತಿತ್ತು. ಎರಡು ವರ್ಷದಿಂದ ತಾಲೂಕಿನ ಹೊಲಿಗೆ ಪರೀಕ್ಷೆಯಲ್ಲಿ ಬಾಡದ ಯಾರೂ ಪಾಸಾಗಿರಲಿಲ್ಲ. ಈ ಸಲವೂ ಹಾಗೇ ಆದರೆ ಹೊಲಿಗೆ ಪಿರಿಯಡ್ಡೇ ಬಂದ್ ಎಂದು ಹೆಡ್ ಮಾಸ್ತರು ಹೇಳಿಬಿಟ್ಟಿದ್ದರು. ಪರೀಕ್ಷೆಗೆ ಹೆಸರು ಕೊಟ್ಟವಳು ಎಂಟನೆಯ ತರಗತಿಯ ರೂಪಾ ಒಬ್ಬಳೇ.

ಕುಮಟೆಯಲ್ಲಿ ಪರೀಕ್ಷೆ. ಹೊನ್ನಾವರದಿಂದ ಬಂದ ಪರೀಕ್ಷಕಿ ಸುಚಿತಾ ಮೇಡಂ ಒಬ್ಬೊಬ್ಬರಿಗೂ ಹರಿದ ಅಂಗಿ ಕೊಟ್ಟು, ಹರಕು ಮುಚ್ಚಲು ಹೇಳಿದರು. ಎಲ್ಲರೂ ಸೂಜಿಗೆ ದಾರ ಪೋಣಿಸಿದರು. ರೂಪಾ ಕತ್ತರಿ ಎತ್ತಿಕೊಂಡು ಹರಕನ್ನು ಇನ್ನಷ್ಟು ದೊಡ್ಡದು ಮಾಡಿದಳು.

"ಎಂತ ಮಾಡ್ತೀ ನೀನು? ಹೊಲಿ ಅಂದ್ರೆ ಕತ್ತರಿಸ್ತೀಯಲ್ಲ!" ಎಂದರು ಸುಚಿತಾ.

"ಬಾಡದವ್ರಿಗೆ ಅಂಗಿನೂ ಮೀನಿನ ಹಾಗೇ ಕಾಣ್ತದೆ ಮೇಡಂ," ಎಂದಳು ಪೇಟೆ ಶಾಲೆಯ ದಿವ್ಯಶ್ರೀ. ಎಲ್ಲರೂ ನಕ್ಕರು.

ಬಾಗಿಲ ಹೊರಗೆ ನಿಂತಿದ್ದ ಮಾಲಿನಿಯವರು ಒಳಗೆ ಇಣುಕಿದರು. ಇದೇ ಚಾಳಿಗೆ ಅವರು ರೂಪಾಳಿಗೆ ಎರಡು ಸಲ ಬೈದಿದ್ದರು.

ರೂಪಾ ತಲೆ ಎತ್ತಲಿಲ್ಲ. "ಸವೆದ ಎಳೆ ಬಿಟ್ರೆ ಮತ್ತೆ ಅಲ್ಲೇ ಹರಿತದೆ ಮೇಡಂ. ನಮ್ಮಜ್ಜ ಬಲೆಗೂ ಹೀಗೇ ಮಾಡೂದು. ಮೊದ್ಲು ಕೆಟ್ಟದ್ದ ಕೊಯ್ದು ತೆಗೀಬೇಕು."

ಅಂಗಿಯ ಮಡಿಕೆಯಿಂದಲೇ ಎಳೆ ಬಿಡಿಸಿ, ಹರಕಿನ ಈಚೆಯ ಗಟ್ಟಿ ಬಟ್ಟೆಯಿಂದ ಆಚೆಯ ಗಟ್ಟಿ ಬಟ್ಟೆಗೆ ಅಡ್ಡಡ್ಡ, ಉದ್ದುದ್ದ ನೇಯ್ದಳು. ಎಲ್ಲರಿಗಿಂತ ಕೊನೆಗೆ ಮುಗಿಸಿದಳು.

ಸುಚಿತಾ ಒಂದೊಂದೇ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ದಿವ್ಯಶ್ರೀಯ ಚಂದದ ಹೊಲಿಗೆ ಅಂಚಿನಲ್ಲಿ ಬಾಯಿಬಿಟ್ಟಿತು. ರೂಪಾಳದು ಬಿಡಲಿಲ್ಲ. ಆದರೂ ಅವರು ನಿಯಮದ ಪುಸ್ತಕ ತೆಗೆದು ತುಂಬ ಹೊತ್ತು ಓದಿದರು.

"ಕತ್ತರಿಸಬಾರದು ಅಂತ ಇದ್ರಲ್ಲಿ ಎಲ್ಲೂ ಇಲ್ಲ," ಎಂದರು. "ಆತು. ಪಾಸು."

ಮರುದಿನ ಮಾಲಿನಿ ಬಾಡದ ದಂಡೆಗೆ ಹೋದರು. ರೂಪಾಳ ಅಜ್ಜ ದುರ್ಗಪ್ಪ ಬಲೆ ಹರಡಿಕೊಂಡು ಕುಳಿತಿದ್ದ.

"ನಿಮ್ಮಿಂದ ನಮ್ಮ ಹೊಲಿಗೆ ಪಿರಿಯಡ್ಡು ಉಳೀತು, ದುರ್ಗಪ್ಪ. ನಾನು ಬೈದದ್ದನ್ನೇ ಅವ್ಳು ಮಾಡಿ ಗೆದ್ಲು."

"ನನ್ನಿಂದ ಎಂತ ಅಕ್ಕೋರೆ? ಈಗ ಅವ್ಳು ನನ್ನ ಗಂಟಿಗೇ ತಪ್ಪು ಹಿಡೀತಾಳೆ, ಸಾಲು ನೆಟ್ಟಗಿಲ್ಲ ಅಂತ. ಆ ಕಾಟ ನೀವೇ ಕಲ್ಸಿದ್ದು!"

ಮಾಲಿನಿಗೆ ನಗು ಬಂತು, ಕಣ್ಣೂ ತುಂಬಿತು. ಬೈಗುಳ ಮರೆತ ಹುಡುಗಿಗೆ, ಈ ಮುದುಕನಿಗೆ, ಪುಸ್ತಕ ತೆರೆದು ನೋಡಿದ ಸುಚಿತಾರಿಗೆ ಮನಸ್ಸಿನಲ್ಲೇ ಕೈಮುಗಿದರು.

ಸುಚಿತಾ ಪಾಸು ಕೊಟ್ಟದ್ದು ಆ ಹೊಲಿಗೆಗೋ, ಬಾಗಿಲಲ್ಲಿದ್ದ ಮಾಲಿನಿಯವರ ಮುಖ ನೋಡಿಯೋ, ಗೊತ್ತಿಲ್ಲ. ಕೇಳುವ ಧೈರ್ಯ ಮಾಲಿನಿಯವರಿಗೆ ಇಂದಿಗೂ ಬಂದಿಲ್ಲ.